ಕೂಗುವ ಬೇರಿಂಗ್

ಸ್ತಾಮೆನ್ ಅಣ್ಣನಿಗೆ ನೆದೆಲ್ಯಾಳ ನಮಸ್ಕಾರ.

ಕ್ಲಚ್ಚಿನಲ್ಲಿ ಏನೇನು ಬದಲಿಸಲಿ ಎಂದು ಕೇಳಿದ್ದಿರಿ. ಪ್ಲೇಟು ಸವೆದಿದೆ, ಹೊಸದು ಹಾಕಿ; ರೋಝೆನ್ ಘಾಟಿ ಹತ್ತಬೇಕು. ಬೇರಿಂಗನ್ನೂ ಹಾಕಿಬಿಡಿ. "ಕೂಗುತ್ತೆ ಅಷ್ಟೇ ತಂಗಿ, ಇನ್ನೂ ಎರಡು ವರ್ಷ ಬರುತ್ತೆ" ಅಂದಿರಿ. ಆ ಕೂಗೇ ನನಗೆ ಬೇಡ. ಪೆಡಲ್ ತುಳಿದರೆ ಸಾಕು, ಮಲಗಿದ್ದ ದೆಲ್ಚೊ ಕಿಟಕಿಗೆ ಬಂದು ನಿಲ್ಲುತ್ತಾನೆ. "ನಮ್ಮನೆಗೆ ನಾಯಿ ಯಾಕೆ? ನನ್ ಹೆಂಡ್ತಿ ಹೊರಟ್ರೆ ಕಾರೇ ಬೊಗಳುತ್ತೆ" ಎಂದು ಎಲ್ಲರೆದುರು ನಗುತ್ತಾನೆ.

ಗುರುವಾರ ಮಧ್ಯಾಹ್ನ ಅವನು ಮಿಲ್ಲಿನಲ್ಲಿರುವಾಗ ನಾನೇ ಬಂದು ಕಾರು ಒಯ್ಯುತ್ತೇನೆ. ಮಗಳನ್ನು ಅತ್ತೆ ಸಂಜೆಯವರೆಗೂ ಬಿಟ್ಟುಕೊಡುವುದಿಲ್ಲ. ಇಲ್ಲದಿದ್ದರೆ ಆಗಲೇ ಅವಳನ್ನು ಕೂರಿಸಿಕೊಂಡು ಹೊರಟುಬಿಡುತ್ತಿದ್ದೆ; ಶುಕ್ರವಾರದ ನಸುಕಿಗೆ ಕಾಯುತ್ತಿರಲಿಲ್ಲ, ಬೇರಿಂಗನ್ನೂ ಕೇಳುತ್ತಿರಲಿಲ್ಲ.

ಕಳಚಿದ ಹಳೆಯ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಡುವುದು ನಿಮ್ಮ ಪದ್ಧತಿ. ಪ್ಲೇಟು ಇಡಿ, ಅದು ಅವನಿಗೆ ಗೊತ್ತಿದೆ. ಬೇರಿಂಗ್ ಮಾತ್ರ ಇಡಬೇಡಿ, ಅವನು ಬಿಚ್ಚಿ ನೋಡುತ್ತಾನೆ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ, ಬಾಗಿಲ ಕಡೆ ನೋಡುತ್ತ ಬರೆಯುತ್ತಿದ್ದೇನೆ. ಓದಿದ ಮೇಲೆ ಕಾಗದವನ್ನು ಒಲೆಗೆ ಹಾಕಿ.

ಇನ್ನೊಂದು ಮಾತು. ನಾನು ನಿಮ್ಮಂಗಳದಿಂದ ಹೊರಟಾಗ ಅತ್ತಿಗೆ ಕಾರಿನ ಹಿಂದೆ ನೀರು ಚೆಲ್ಲದಂತೆ ನೋಡಿಕೊಳ್ಳಿ. ದಾರಿ ಸುಗಮವಾಗಲಿ ಅಂತ ದೂರ ಹೋಗುವವರಿಗಷ್ಟೇ ಚೆಲ್ಲುತ್ತಾರೆ, ಅದು ಬೀದಿಗೆಲ್ಲ ಗೊತ್ತು. ಶುಕ್ರವಾರ ಬೆಳಕಾದ ಮೇಲೆ ಚೆಲ್ಲಲಿ.

ನಿಮ್ಮ ತಂಗಿಯಂಥವಳು,
ನೆದೆಲ್ಯಾ