ಬಾಗಿನಕ್ಕೂ ಸ್ಟೇಟಸ್ ಕೋ

ಪಟ್ಟಂದೂರು ಅಗ್ರಹಾರ
೯-೯-೨೦೧೨

ಚಿ. ಸೌ. ಶ್ಯಾಮಲಾಳಿಗೆ ನಿನ್ನ ಅತ್ತಿಗೆ ಲಕ್ಷ್ಮಮ್ಮನ ಆಶೀರ್ವಾದಗಳು.

ಚಂದಾಪುರದಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ನಂಬರು ಕಂಡರೆ ನೀನು ಫೋನ್ ಎತ್ತುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಎತ್ತುತ್ತಿರಲಿಲ್ಲ. ಅದಕ್ಕೇ ಈ ಕಾಗದ. ತಡವಾಯಿತು, ಯಾವ ಮುಖ ಇಟ್ಟುಕೊಂಡು ಬರೆಯಲಿ ಹೇಳು.

ಮಹಡಿ ರೂಮುಗಳಿಗೆ ಐಟಿ ಪಾರ್ಕಿನ ಹುಡುಗಿಯರು ಬಂದಿದ್ದಾರೆ. ನಮ್ಮ ಸೌಮ್ಯ ಲಾ ಕಾಲೇಜು ಸೇರಿದಳು.

ಹೋದ ವರ್ಷ ನೀನು ತೋಟದ ಪಾಲಿಗೆ ಕೇಸು ಹಾಕಿದಾಗ ನಿಮ್ಮಣ್ಣ ಕೋರ್ಟಿನಿಂದ ಬಂದು, "ಸ್ಟೇಟಸ್ ಕೋ ಕೊಟ್ಟವ್ರೆ. ಕೇಸ್ ಮುಗಿಯೋಗಂಟ ಅವಳು ನಮ್ಮನೆ ಹೊಸ್ಲು ತುಳಿಯಂಗಿಲ್ಲ, ನಾವೂ ಏನೂ ಕೊಡಂಗಿಲ್ಲ" ಅಂದರು. ಜಡ್ಜ್ ಹೇಳಿದ್ದು, ಅದೂ ಇಂಗ್ಲಿಷಿನಲ್ಲಿ ಅಂದಮೇಲೆ ನಾನೇನು ಎದುರಾಡಲಿ? ಗೌರಿ ಹಬ್ಬಕ್ಕೆ ಬಾಗಿನ ಕಳಿಸಲಿಲ್ಲ. ನೀನೇ ಅಮ್ಮನನ್ನು ನೋಡಲು ಹೂವು ಹಿಡಿದು ಬಂದೆ. ನಾನು ಗೇಟಿನ ಒಳಗೇ ನಿಂತು, ಆರ್ಡರಿದೆ, ಹೊರಟುಬಿಡು ಅಂದೆ. "ಯಾವ ಆರ್ಡರ್ ಅತ್ತಿಗೆ?" ಅಂದೆ ನೀನು. ನಾಟಕ ಆಡುತ್ತಿದ್ದೀಯ ಅಂದುಕೊಂಡೆ ನಾನು, ಪಾಪಿ.

ಮೊನ್ನೆ ಸೌಮ್ಯ ಗಟ್ಟಿಯಾಗಿ ಓದುವಾಗ ಆ ಸ್ಟೇಟಸ್ ಕೋ ಅನ್ನುವ ಮಾತು ಕಿವಿಗೆ ಬಿತ್ತು. ಕೇಳಿದೆ. ಅದು ಇಂಗ್ಲಿಷೇ ಅಲ್ಲವಂತೆ, ಲ್ಯಾಟಿನ್ ಅಂತೆ. ಹಿಂದೆ ರಾಜರು ಯುದ್ಧ ನಿಲ್ಲಿಸಿ ಒಪ್ಪಂದ ಮಾಡಿಕೊಳ್ಳುವಾಗ, ಯುದ್ಧಕ್ಕೆ ಮುಂಚೆ ಎಲ್ಲ ಹೇಗಿತ್ತೋ ಹಾಗೇ ಆಗಲಿ ಎಂದು ಬರೆಯುತ್ತಿದ್ದರಂತೆ. ಆ ಉದ್ದದ ಮಾತಿನ ತುಂಡು ಇದು. ಕೋರ್ಟಿನಲ್ಲಾದರೆ, ತೋಟ ಈಗ ಹೇಗಿದೆಯೋ ಹಾಗೇ ಇರಲಿ, ಮಾರಬೇಡಿ, ಕಟ್ಟಬೇಡಿ ಅಂತ, ಅಷ್ಟೇ. "ಮಗಳು ತವರಿಗೆ ಬರಬಾರ್ದು ಅಂತ ಯಾವ ಜಡ್ಜೂ ಬರೆಯಲ್ಲ ಕಣಮ್ಮ" ಅಂದಳು.

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ನಮ್ಮ ಯುದ್ಧಕ್ಕೆ ಮುಂಚೆ ಹೇಗಿತ್ತು? ಮೊರಕ್ಕೆ ಅರಿಶಿನ ಹಚ್ಚಿ, ಬಳೆ, ಕುಂಕುಮ, ಬೇಳೆ, ಬೆಲ್ಲ ಇಟ್ಟು ಮೊದಲ ಬಾಗಿನ ನಿನಗೇ ಅಲ್ಲವೇ ಕೊಡುತ್ತಿದ್ದೆವು. ನಿಮ್ಮಣ್ಣನನ್ನು ಕೇಳಿದರೆ ತಟ್ಟೆ ಬಿಟ್ಟು ಎದ್ದುಹೋದರು. ಸುಳ್ಳೆಂದು ಗೊತ್ತಿದ್ದೇ ಹೇಳಿದ್ದರು.

ಕೇಸು ನಡೆಯಲಿ, ನಿನ್ನ ಪಾಲು ಬಿಡಬೇಡ. ಆದರೆ ಹದಿನೆಂಟಕ್ಕೆ ಗೌರಿ ಹಬ್ಬ, ಬಂದುಬಿಡು. ಮೊರ ತೊಳೆದಿಟ್ಟಿದ್ದೇನೆ. ಮುತ್ತೈದೆಯಾಗಿ ನೂರು ಕಾಲ ಬಾಳು.

ತಲೆ ತಗ್ಗಿಸಿರುವ ನಿನ್ನ ಅತ್ತಿಗೆ,
ಲಕ್ಷ್ಮಮ್ಮ

ಇನ್ನೊಂದು ಮಾತು: ನಿಮ್ಮಮ್ಮನ ಕಣ್ಣು ಪೂರ್ತಿ ಮಂಜಾಗಿದೆ. ಅವರಿಗೆ ನಿಜ ಹೇಳಲು ನಮಗಿನ್ನೂ ಬಾಯಿ ಬಂದಿಲ್ಲ. ಇವತ್ತು ಬೆಳಗ್ಗೆ ಸೌಮ್ಯಳ ಕೈ ಹಿಡಿದು ಕೇಳಿದರು: "ನೀನ್ ಲಾಯರ್ ಆಯ್ತೀಯಲ್ಲವ್ವ, ಆ ಜಡ್ಜಪ್ಪನ್ಗೆ ನನ್ ಹೆಸ್ರಲ್ಲಿ ಒಂದರ್ಜಿ ಹಾಕು. ಮಗಳು ಒಳಕ್ಕೆ ಬರೋದು ಬ್ಯಾಡ, ಗೇಟ್ ತಾವ ನಿಂತ್ಕಂಡು ಒಂದ್ಸಾರಿ ಅವ್ವಾ ಅಂದ್ರೆ ಸಾಕು ಅಂತ ಬರಿ."