ದೇವರ ಎತ್ತು ನೆರಳಿಗೆ ಬಂದದ್ದು

೧೭ ಏಪ್ರಿಲ್ ೨೦೨೫, ಗುರುವಾರ
ದೇವರಾಜ ಅರಸು ಬಡಾವಣೆ

ಆ ಫೋಟೊ ಇನ್ನೂ ಕಳಿಸಿಲ್ಲ. ಮ್ಯಾನೇಜರ್ ಬಕ್ಕೇಶ್ ಆಗಲೇ ಎರಡು ಸಲ ಫೋನ್ ಮಾಡಿದರು.

ಆನಗೋಡಿನ ಆಚೆ, ಮ್ಯಾಸನಾಯಕರ ಹಟ್ಟಿಯ ಮೇವಿನ ಕಾವಲಿನಲ್ಲಿ ನಮ್ಮ ಕಂಪನಿಯ ಸೋಲಾರ್ ಪಾರ್ಕ್ ಬರಬೇಕು. ಅಲ್ಲಿ ಮೇಯುವುದು ಅವರ ದೇವರ ಎತ್ತುಗಳು. ಅವನ್ನು ಯಾರೂ ಕಟ್ಟುವುದಿಲ್ಲ, ಹೊಡೆಯುವುದಿಲ್ಲ, ಸೂರಿನಡಿ ಕೂಡಿಹಾಕುವುದಿಲ್ಲ. ಇದೇನೂ ಗೊತ್ತಿಲ್ಲದೆ ನಾವು ಇವತ್ತು ಮಾದರಿಗೆಂದು ಒಂದು ಸಾಲು ಪ್ಯಾನೆಲ್ ನಿಲ್ಲಿಸಿ, ದನಕ್ಕೂ ನೆರಳಾಗುತ್ತದೆ ಎಂದು ಹೆಮ್ಮೆಯಿಂದ ಹೇಳಿದೆವು.

“ನಮ್ ದೇವ್ರು ಸೂರಿನ್ ಕೆಳಗೆ ನಿಲ್ಲಾದಿಲ್ರಿ,” ಎಂದ, ಎತ್ತು ಕಾಯುವ ಗುತ್ತೆಪ್ಪ.

ಅಷ್ಟರಲ್ಲಿ ಮುದಿ ಎತ್ತೊಂದು ಬಿಸಿಲು ತಾಳಲಾರದೆ ಬಂದು ಪ್ಯಾನೆಲ್ ಕೆಳಗೆ ಮಲಗಿಬಿಟ್ಟಿತು.

ಬಕ್ಕೇಶ್ ನಕ್ಕರು. “ನಿಮ್ ದೇವ್ರೇ ಒಪ್ಕಂಡೈತಲ್ರೀ!” ನನ್ನ ಕಡೆ ತಿರುಗಿ, “ಫೋಟೊ ತೆಗಿ,” ಎಂದರು. ತೆಗೆದೆ.

ಗುತ್ತೆಪ್ಪ ಅದನ್ನು ಎಬ್ಬಿಸಲಿಲ್ಲ. ದೇವರನ್ನು ಎಬ್ಬಿಸುವಂತಿಲ್ಲ. ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ನೆರಳಿನ ಅಂಚಿನಾಚೆ ಬರಿಗಾಲಲ್ಲಿ ನಿಂತ.

“ಕಾಲು ಸುಡ್ತಾವು, ಒಳಗೆ ಬರ್ರಿ,” ಎಂದೆ.

“ಬ್ಯಾಡ್ರಿ. ವಯಸ್ಸಾಗೈತೆ, ಪಾಪ, ತಾಳ್ಲಿಲ್ಲ. ಅದರ ತಪ್ಪು ನಾನು ತೀರಿಸ್ತೀನಿ.”

ಎತ್ತು ಎದ್ದದ್ದು ಹೊತ್ತು ವಾಲಿದ ಮೇಲೆ. ಅಲ್ಲಿಯವರೆಗೂ ಅವನು ಕದಲಲಿಲ್ಲ. ಬಕ್ಕೇಶ್ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕೂತಿದ್ದರು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅತ್ತಿತ್ತ ಓಡಾಡಿದೆ.

ಹಟ್ಟಿಯ ಒಪ್ಪಿಗೆಗೆ ಸಾಕ್ಷಿಯಾಗಿ ಆ ಫೋಟೊ ನಾಳೆ ಹೆಡ್ ಆಫೀಸಿಗೆ ಹೋಗಬೇಕಂತೆ. ಈಗ ಮತ್ತೆ ಅದನ್ನು ಫೋನಿನಲ್ಲಿ ತೆರೆದು ನೋಡಿದೆ. ಎತ್ತು ಚೆನ್ನಾಗಿ ಬಂದಿದೆ, ನೆರಳು ತಂಪಾಗಿ ಕಾಣುತ್ತದೆ. ಗುತ್ತೆಪ್ಪ ಅದರಲ್ಲಿ ಎಲ್ಲಿಯೂ ಇಲ್ಲ.

ಮತ್ತೆ ಫೋನ್ ಬರುತ್ತಿದೆ. ಎತ್ತಿಕೊಂಡರೆ ನಾನು ಕಳಿಸುತ್ತೇನೆ ಎನ್ನುತ್ತೇನೋ, ಇಲ್ಲ ಎನ್ನುತ್ತೇನೋ, ನನಗೇ ಗೊತ್ತಿಲ್ಲ.