ಐದು ನಾಲಿಗೆಗಳ ಸದ್ದು

ಸದ್ದಿನ ದಫ್ತರ, ನಡುಗುಡ್ಡದ ಅಣುಒಲೆ
ಹಿನ್ನೀರು ಶಕೆ ೧೮೬, ಎರಡನೆಯ ಬೇಸಿಗೆಯ ಮೂವತ್ತೊಂದನೆಯ ದಿನ

ನೀಲಿ ಶಾಯಿಯಲ್ಲಿ ಬರೆದವರಿಗೆ,

ರಾಚಪ್ಪ ಹುಣಸಿಕಟ್ಟಿಯ ನಮಸ್ಕಾರಗಳು. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಪಂಚಾಂಗದಲ್ಲಿ ಅದು ಇಲ್ಲ, ಇರಲು ಸಾಧ್ಯವೂ ಇಲ್ಲ. ಕೃಷ್ಣೆಯ ಹಿನ್ನೀರು ಗುಡ್ಡದ ಸೊಂಟದವರೆಗೆ ಏರಿ ನಿಂತ ವರ್ಷದಿಂದ ನಾವು ಎಣಿಕೆ ಶುರು ಮಾಡಿದ್ದೇವೆ. ವರ್ಷಕ್ಕೆ ಎರಡು ಬೇಸಿಗೆ ಬರತೊಡಗಿದ ಮೇಲೆ ಅವಕ್ಕೆ ನಂಬರು ಹಾಕದೆ ವಿಧಿಯಿರಲಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನೀವು ರಿಯಾಕ್ಟರು ಎನ್ನುವುದು ನಮಗೆ ಅಣುಒಲೆ. ಒಲೆಯ ಬಿಸಿಯನ್ನು ಹೊತ್ತೊಯ್ಯುವ ನೀರು ತಣಿನೀರು. ಆ ನೀರನ್ನು ಸುತ್ತಿಸುವ ಪಂಪಿಗೆ ಮಾತ್ರ ಪಂಪು ಎಂದೇ ಅನ್ನುತ್ತೇವೆ. ಅಷ್ಟು ಗಟ್ಟಿಮುಟ್ಟಾದ ಹೆಸರನ್ನು ಬದಲಿಸಲು ಯಾರಿಗೂ ಮನಸ್ಸಾಗಲಿಲ್ಲ.

ನನ್ನ ಬಗ್ಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರೋ ದೊಡ್ಡ ಓದು ಓದಿದವನು ಎಂದುಕೊಂಡೀರಿ. ನಾನು ಒಲೆಯ ಹೊರಬಾಗಿಲಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಿದ್ದವನು. ಯಾವ ಪಾಳಿಯವರು ಎಷ್ಟು ರೊಟ್ಟಿ ತಿನ್ನುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಎರಡನೆಯ ಪಂಪಿನವರು ತಲೆಗೆ ಮೂರರ ಬದಲು ಒಂದೇ ತಿಂದರೆಂದರೆ ಒಳಗೆ ಏನೋ ಕೆಟ್ಟಿದೆ ಎಂದು ಎಂಜಿನಿಯರುಗಳಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಬಾಯಿಯೂ ಇತ್ತು. ಆ ಬಾಯಿಯ ಬಲದಿಂದಲೇ ಒಳಗೆ ಬಂದೆ, ಇಪ್ಪತ್ತಾರು ವರ್ಷದಲ್ಲಿ ಈ ದಫ್ತರದ ಮುಖ್ಯಸ್ಥನಾದೆ. ರೊಟ್ಟಿ ಎಣಿಸುತ್ತಿದ್ದವನು ಈಗ ಸದ್ದು ಎಣಿಸುತ್ತೇನೆ.

ನಮ್ಮ ಬದುಕು ಚೆನ್ನಾಗಿಯೇ ಇದೆ. ಊರುಗಳೆಲ್ಲ ಗುಡ್ಡದ ನೆತ್ತಿಗೆ ಹೋಗಿವೆ, ಊರಿಂದೂರಿಗೆ ದೋಣಿ. ಒಲೆಯ ಮಿಕ್ಕ ಬಿಸಿಯಲ್ಲಿ ಮೆಣಸಿನಕಾಯಿ ಒಣಗುತ್ತದೆ. ಬಿಸಿಲು ಇದ್ದೇ ಇದೆಯಲ್ಲ ಎಂದು ನೀವು ಕೇಳಬಹುದು, ಆದರೆ ನಮ್ಮ ಬಿಸಿಲಿನಲ್ಲಿ ಮೆಣಸಿನಕಾಯಿ ಒಣಗುವುದಿಲ್ಲ, ಕರಕಾಗುತ್ತದೆ. ಉಪ್ಪಾದ ಹಿನ್ನೀರನ್ನು ಸಿಹಿ ಮಾಡಿ ಅರವತ್ತೆರಡು ಊರುಗಳಿಗೆ ಏರಿಸುವುದೂ ಈ ಒಲೆಯೇ. ಹೀಗಾಗಿ ಎಲ್ಲರ ಕಿವಿಯ ತಳದಲ್ಲಿ ಪಂಪಿನ ಗುಂಯ್ ಸದ್ದು ಸದಾ ಇರುತ್ತದೆ. ಹೊಸ ಮದುಮಕ್ಕಳು ಬೇರೆ ಕಡೆ ಹೋದರೆ ವಾರಗಟ್ಟಲೆ ನಿದ್ದೆ ಬರುವುದಿಲ್ಲವಂತೆ. ಪಂಪುಗಳು ನಾಲ್ಕು, ಮೂರು ಓಡುತ್ತವೆ, ಒಂದು ಸರದಿಯ ಮೇಲೆ ವಿಶ್ರಾಂತಿ ಪಡೆಯುತ್ತದೆ. ಒಲೆ ಉರಿಯುವಾಗ ಅವುಗಳ ಹತ್ತಿರ ಯಾರೂ ಹೋಗುವಂತಿಲ್ಲ. ದಪ್ಪ ಗೋಡೆಯೊಳಗಿಂದ ಹೊರಬಂದ ಉಕ್ಕಿನ ಕಡ್ಡಿಗಳಿವೆ, ಪಂಪಿಗೊಂದು ಕಡ್ಡಿ. ಅದಕ್ಕೆ ಕಿವಿಗೋಲು, ಅಂದರೆ ಹಿತ್ತಾಳೆ ತುದಿಯ ತೇಗದ ಕೋಲು, ಹಚ್ಚಿ ಕೇಳುವವರೇ ಕಿವಿಗಾರರು. ಮಾಪಕಗಳು ಬೇಕಾದಷ್ಟಿವೆ. ಆದರೂ ಪ್ರತಿ ಪಾಳಿಗೆ ಒಬ್ಬ ಮನುಷ್ಯ ಕೇಳಿ ಬರೆಯಬೇಕೆಂಬುದು ನಮ್ಮ ಹಿರಿಯರ ಕಟ್ಟಳೆ.

ಮೂವತ್ತೆರಡು ವರ್ಷದಿಂದ ಕೋಲು ಹಿಡಿದ ನೀಲಗಂಗವ್ವ ನಮ್ಮ ಹಿರಿಯ ಕಿವಿಗಾರ್ತಿ. ನೇಕಾರರ ಮನೆಯ ಮಗಳು, ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವಳು. ನಮ್ಮಲ್ಲಿ ಒಂದು ನಿಯಮವಿದೆ: ಕಿವಿಗಾರರು ಮೂರು ಸಲ ಸುಳ್ಳು ಎಚ್ಚರಿಕೆ ಕೊಟ್ಟರೆ ಕೋಲು ಒಪ್ಪಿಸಿ ಮನೆಗೆ ಹೋಗಬೇಕು. ಅವಳದು ಎರಡು ಆಗಿಹೋಗಿದ್ದವು. ಒಂದು ಸಲ ಗಾಳಿಕೊಳವೆಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಇನ್ನೊಂದು ಸಲ ಗೋಡೆಯಾಚೆ ಯಾರೋ ಮಸಾಲೆ ಕುಟ್ಟುತ್ತಿದ್ದರು. ಈ ಬೇಸಿಗೆಯ ಮೊದಲ ದಿನ ಮೂರನೆಯ ಪಂಪನ್ನು ಸರದಿಯಂತೆ ನಿಲ್ಲಿಸಿದಾಗ ಅವಳು ಕೋಲಿನಿಂದ ಕಿವಿ ತೆಗೆದು, ಮುಖ್ಯ ಎಂಜಿನಿಯರ್ ಫರೀದಾ ಮುಲ್ಲಾ ಅವರ ಮುಂದೆ ಬಂದು ನಿಂತಳು.

“ಬಾಯಾರ, ಮೂರನೇದು ನಿಲ್ಲೂ ಮುಂದ ಕುಂಟಾಕತ್ತೈತ್ರಿ.”

“ಮಾಪಕ ನೋಡವಾ. ಹೋದ ವರ್ಷಕ್ಕಿಂತ ಸದ್ದು ಅರ್ಧಕ್ಕರ್ಧ ಕಡಿಮಿ ಐತಿ.”

“ಅದನ್ನ ಹೇಳಾಕತ್ತೀನ್ರಿ ನಾನೂ. ಇರಬೇಕಾದ ಸದ್ದು ಎಲ್ಲಿ ಹೋತು?”

ಮೂರನೆಯ ಪಂಪಿನ ಮೇಸ್ತ್ರಿ ಪರಸಪ್ಪ ಅಲ್ಲೇ ಇದ್ದ. “ಯವ್ವಾ, ಸದ್ದು ಬಂದ್ರೂ ದೂರು, ಬರದಿದ್ರೂ ದೂರು. ಸೊಸಿ ಮ್ಯಾಲೆ ಸಿಟ್ಟಿದ್ದ ಅತ್ತಿ ಹಂಗಾತಲ್ಲ ನಿಂದು!”

“ಹೌದೋ ಪರಸ್ಯಾ. ದಿನಾ ಭಾಂಡೆ ಬಡಿಯೂ ಸೊಸಿ ಒಮ್ಮಿಗೇ ಸುಮ್ನ ಕುಂತಳಂದ್ರ ಅತ್ತಿ ಒಳಗ ಹೋಗಿ ನೋಡಬೇಕು.”

ಫರೀದಾ ಬಾಯಿ ನಗಲಿಲ್ಲ. ಒಳಗೆ ಹೋಗಿ ನೋಡಬೇಕೆಂದರೆ ಒಲೆ ಆರಿಸಬೇಕು; ಆರು ದಿನ ಅರವತ್ತೆರಡು ಊರಿಗೆ ನೀರಿಲ್ಲ, ಅದೂ ಎರಡನೆಯ ಬೇಸಿಗೆಯಲ್ಲಿ. “ಅವ್ವಾ, ಮೊದಲ ಈ ಪಂಪು ನಿಲ್ಲೂ ಮುಂದ ಹೆಂಗ ಕೇಳ್ತಿತ್ತು ಅಂತ ಬರದದ್ದು ಒಂದು ಸಾಲು ತೋರಸ್ರಿ. ನಾಕು ದಿನ ಕೊಡ್ತೀನಿ. ಆಮ್ಯಾಲೆ ಅದನ್ನ ಮತ್ತ ಓಡಸೂದು, ಇಲ್ಲಾಂದ್ರ...” ಎಂದು ಕೋಲಿನ ಕಡೆ ನೋಡಿದರು. ಅದು ಅವಳ ಮೂರನೆಯ ಸುಳ್ಳು ಎಚ್ಚರಿಕೆಯಾಗುತ್ತಿತ್ತು.

ಆ ಒಂದು ಸಾಲು ಹುಡುಕುವ ಕೆಲಸ ನನ್ನದಾಯಿತು. ಇದೇನು ಮಹಾ, ನಾಲ್ಕೂ ಪಂಪುಗಳ ಸದ್ದು ಬೇರೆಬೇರೆಯಾಗಿ ಬರೆದಿಟ್ಟ ಮುನ್ನೂರ ಹನ್ನೊಂದು ಪುಸ್ತಕಗಳಿವೆ, ಒಂದು ಸಾಲು ಸಿಗುವುದಿಲ್ಲವೇ ಎಂದುಕೊಂಡೆ. ಇಲ್ಲ ಸ್ವಾಮಿ, ಸಿಗಲಿಲ್ಲ. ನಮ್ಮವರು ವಿಪರೀತ ಸದ್ದುಗಳನ್ನು ಮಾತ್ರ ವರ್ಣಿಸಿದ್ದರು. ಒಗ್ಗರಣೆ ಸಿಡಿದ ಹಾಗೆ, ಬೀಸುವ ಕಲ್ಲಿಗೆ ಹರಳು ಸಿಕ್ಕಿದ ಹಾಗೆ, ಎಂದೆಲ್ಲ ಬಲು ಚೆಂದವಾಗಿ. ಎಲ್ಲ ಸರಿಯಿದ್ದ ದಿನ ಮಾತ್ರ ಒಂದೇ ಶಬ್ದ: ಎಂದಿನಂತೆ. ಎರಡು ವರ್ಷದ ಒಂದು ಪುಸ್ತಕದಲ್ಲಿ, ದಿನಕ್ಕೆ ಮೂರು ಪಾಳಿಯಂತೆ, ಎರಡು ಸಾವಿರದ ನೂರಾ ತೊಂಬತ್ತು ಸಲ ಎಂದಿನಂತೆ ಇತ್ತು. ಒಂದೊಂದನ್ನೂ ಎಣಿಸಿದೆ. ಎಂದಿನಂತೆ ಎಂದರೆ ಹೇಗೆ ಎಂದು ಒಬ್ಬ ಪುಣ್ಯಾತ್ಮನೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಬರೆಯಲು ಯಾರಿಗೂ ಪುರಸೊತ್ತಿರಲಿಲ್ಲ.

ಮೂರನೆಯ ದಿನ ಕಪಾಟಿನ ತಳದಲ್ಲಿ ನಿಮ್ಮ ಕಾಲದ ಕೈಪಿಡಿ ಸಿಕ್ಕಿತು. ನಿಮ್ಮ ಪಂಪು ಎಂದೋ ಹೋಗಿದೆ. ನಮ್ಮದು ಅದೇ ನಕ್ಷೆಯಿಂದ ಅಚ್ಚು ತೆಗೆದ ಮರಿಮಗಳು. ನಲವತ್ತೊಂದನೆಯ ಪುಟದ ಅಂಚಿನಲ್ಲಿ, ಚಹಾ ಲೋಟದ ಉಂಗುರಕ್ಕೆ ತಾಗಿದಂತೆ, ನೀಲಿ ಶಾಯಿಯಲ್ಲಿ, ಬಲಕ್ಕೆ ವಾಲಿದ ಅಕ್ಷರಗಳಲ್ಲಿ ನೀವು ಬರೆದಿದ್ದೀರಿ:

“ನಿಲ್ಲುವಾಗ ಕೊನೆಯಲ್ಲಿ ಕಟಕಟ ಅನ್ನುತ್ತದೆ. ಹೊಸಬರು ಹೆದರಬೇಡಿ. ಒಂದು ಸುತ್ತು ತಿರುಗುವಷ್ಟರಲ್ಲಿ ಐದು ಸಲ, ಸಮನಾಗಿ. ಹಿಂದಕ್ಕೆ ತಿರುಗದಂತೆ ತಡೆಯುವ ಐದು ನಾಲಿಗೆಗಳು ಬೀಳುವ ಸದ್ದು. ಕೇಳಿಸದಿದ್ದರೆ ಹೆದರಿ.”

ಓದಿದವನೇ ಓಡಿಹೋಗಿ ಹೇಳಲಿಲ್ಲ. ರೊಟ್ಟಿ ಮಾರಿದವನಿಗೆ ಅಷ್ಟು ವ್ಯವಹಾರಜ್ಞಾನವಿದೆ. ಪುಟ ಮುಚ್ಚಿಟ್ಟು, ಫರೀದಾ ಬಾಯಿಯವರನ್ನು ಕೂರಿಸಿ, ನೀಲಗಂಗವ್ವನನ್ನು ಕರೆದು, “ಅಕ್ಕಾ, ನೀ ಕೇಳಿದ್ದನ್ನ ಈ ಮೇಜಿನ ಮ್ಯಾಲೆ ಬಡದು ತೋರಸು,” ಎಂದೆ. ಅವಳು ಕಣ್ಣು ಮುಚ್ಚಿದಳು. ಬೆರಳ ಗೆಣ್ಣಿನಿಂದ ಎರಡು ಸಲ ಬಡಿದಳು, ಮೂರು ಬಡಿತದಷ್ಟು ಖಾಲಿ ಬಿಟ್ಟಳು; ಮತ್ತೆ ಎರಡು, ಮತ್ತೆ ಖಾಲಿ. “ಮಗ್ಗದಾಗ ನೇಯ್ದ ಬಟ್ಟಿ ಸುತ್ತೂ ಹಲ್ಲಿನ ಗಾಲಿ ಇರ್ತೈತಲ್ಲ ತಮ್ಮಾ, ಅದರ ನಾಲಿಗಿ ಹಲ್ಲಿಗೆ ಬೀಳದಿದ್ರ ಹಿಂಗ ಖಾಲಿ ಹೊಡಿತೈತಿ. ಆಮ್ಯಾಲೆ ಸುತ್ತಿದ ಬಟ್ಟಿ ಎಲ್ಲಾ ಹಿಂದಕ್ಕ ಬಿಚ್ಕೊಂತೈತಿ.” ಆಗ ಪುಟ ತೆರೆದೆ. ಫರೀದಾ ಬಾಯಿ ನಿಮ್ಮ ಸಾಲುಗಳನ್ನು ಎರಡು ಸಲ ಓದಿ, ಎದ್ದು ಹೋಗಿ ಒಲೆ ಆರಿಸಲು ಹೇಳಿದರು.

ನಿಮಗೆ ಇದು ಗೊತ್ತಿದ್ದದ್ದೇ, ಆದರೂ ಮುಂದಿನವರಿಗಾಗಿ ಬರೆಯುತ್ತೇನೆ. ಪಂಪು ವೇಗವಾಗಿ ಓಡುವಾಗ ಆ ನಾಲಿಗೆಗಳು ಮೇಲೆದ್ದು ದೂರ ನಿಲ್ಲುತ್ತವೆ. ವೇಗ ತಗ್ಗಿದಾಗ ಹಲ್ಲುಗಳ ಮೇಲೆ ಬೀಳುತ್ತವೆ. ಉಳಿದ ಮೂರು ಪಂಪುಗಳು ತಳ್ಳುವ ನೀರು ನಿಂತ ಪಂಪನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ತಡೆಯುವುದು ಈ ಐದೇ. ಹಿಂದಕ್ಕೆ ತಿರುಗುತ್ತಿರುವ ಪಂಪನ್ನು ಮುಂದಕ್ಕೆ ಓಡಿಸಹೋದರೆ ಮೋಟಾರು ಸುಟ್ಟುಹೋಗುತ್ತದೆ. ಬಿಚ್ಚಿ ನೋಡಿದಾಗ ಮೂರು ನಾಲಿಗೆಗಳು ಗಟ್ಟಿಯಾದ ಗ್ರೀಸಿನಲ್ಲಿ ಹೂತು ಅಲ್ಲಾಡದಂತೆ ಕೂತಿದ್ದವು. ಕೆಲಸ ಮಾಡುತ್ತಿದ್ದ ಎರಡರಲ್ಲಿ ಒಂದು ಬಿರುಕು ಬಿಟ್ಟಿತ್ತು.

ಉಗ್ರಾಣದ ಪಟ್ಟಿ ತೆಗೆದೆ. ಉಳಿದ ಪಂಪುಗಳಿಗೆ ವರ್ಷಕ್ಕೆ ತಲಾ ಎರಡು ಡಬ್ಬಿ ಗ್ರೀಸು, ಮೂರನೆಯದಕ್ಕೆ ಹನ್ನೊಂದು. ಪರಸಪ್ಪ ತಲೆ ತಗ್ಗಿಸಿ, “ಪತಾಕಿ ಸಲುವಾಗಿ ಮಾಡಿದ್ನಿ ಅಣ್ಣಾರ. ಆ ಕಟಕಟ ಒಂದು ಹೋದ್ರ ನಮ್ಮ ಪಂಪಿಗೇ ಬರ್ತೈತಿ ಅಂತ, ವರ್ಷದ ರಿಪೇರಿಗೆ ಒಲಿ ಆರಿಸಿದಾಗೆಲ್ಲ ಮೆತ್ತಿದ್ನಿ,” ಎಂದ. ಅವನ ಪಂಪಿಗೆ ಮೂರು ವರ್ಷ ಸಾಲಾಗಿ ನಿಶ್ಶಬ್ದ ಪತಾಕೆ ಬಂದಿತ್ತು. ಅತಿ ಕಡಿಮೆ ಸದ್ದಿನ ಪಂಪಿಗೆ ಕೊಡುವ ಹಳದಿ ಪತಾಕೆ ಅದು. ಅಂಥದ್ದೊಂದು ಇರಲಿ ಎಂದು ಭಾಷಣ ಮಾಡಿ, ಬಟ್ಟೆ ಆರಿಸಿ, ಹೊಲಿಸಿ ತಂದವನು ಯಾರು ಎಂದು ಫರೀದಾ ಬಾಯಿ ಕೇಳಿದರು. ನಾನೇ. ಸದ್ದು ಎಣಿಸುವವನು ಸದ್ದು ಕಡಿಮೆ ಮಾಡಿದವರಿಗೆ ಬಹುಮಾನ ಇಟ್ಟಿದ್ದ.

ಆರು ದಿನ ಜನ ಕೊಡಕ್ಕೆ ಕೊಡ ತಾಗಿಸಿ ಬೈದರು. ಆ ಬೈಗುಳಗಳನ್ನೂ ದಫ್ತರಕ್ಕೆ ಏರಿಸಿದ್ದೇನೆ. ಏಳನೆಯ ದಿನ ನೀರು ಬಂತು. ಪತಾಕೆ ಈಗ ಪರಸಪ್ಪನ ಕೈಯಲ್ಲಿ ಗ್ರೀಸು ಒರೆಸುವ ಬಟ್ಟೆಯಾಗಿದೆ. ಅದರ ಬದಲು ಹೊಸ ಕಟ್ಟಳೆ ತಂದಿದ್ದೇವೆ: ಎಂದಿನಂತೆ ಎಂದು ಬರೆಯುವಂತಿಲ್ಲ. ಚೆನ್ನಾಗಿರುವ ಪಂಪು ಚೆನ್ನಾಗಿ ಹೇಗೆ ಕೇಳಿಸುತ್ತದೆ ಎಂದು ಬರೆಯಬೇಕು. ಮೊದಮೊದಲು ಗೊಣಗಿದರು, ಈಗ ಪೈಪೋಟಿ. ಒಂದನೆಯ ಪಂಪು ಮಜ್ಜಿಗೆ ಕಡೆದ ಹಾಗೆ. ನಾಲ್ಕನೆಯದು, ಹೊಟ್ಟೆ ತುಂಬ ಉಂಡ ಮಾವ ಗೋಡೆಗೊರಗಿ ಉಸಿರುಬಿಟ್ಟ ಹಾಗೆ. ಮೂರನೆಯದಕ್ಕೆ ನೀಲಗಂಗವ್ವ ಹೇಳಿ ಬರೆಸಿದ್ದು ಇಷ್ಟೇ: ಐದೂ ಅದಾವ.

ಇನ್ನು ನನ್ನ ವಿನಂತಿ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಹರಿದು ನಿಮ್ಮ ಕೈಸೇರುವ ಹೊತ್ತಿಗೆ ನೀವು ಆ ಸಾಲುಗಳನ್ನು ಇನ್ನೂ ಬರೆದಿರಲಿಕ್ಕಿಲ್ಲ. ಪಾಳಿ ಮುಗಿಸಿ, ಲೋಟವನ್ನು ನಲವತ್ತೊಂದನೆಯ ಪುಟದ ಮೇಲಿಟ್ಟು, ಇದೇನು ಬರೆಯುವಂಥದ್ದು, ಇಲ್ಲಿರುವ ಎಲ್ಲರಿಗೂ ಗೊತ್ತಲ್ಲ ಎಂದು ಅನಿಸುವ ಒಂದು ಗಳಿಗೆ ನಿಮಗೆ ಬರುತ್ತದೆ. ಎಲ್ಲರಿಗೂ ಗೊತ್ತು, ನಿಜ. ಆ ಎಲ್ಲರೂ ಹೋಗಿಬಿಡುತ್ತಾರೆ. ಆದ್ದರಿಂದ ಪೆನ್ನಿಗೆ ಮುಚ್ಚಳ ಹಾಕುವ ಮೊದಲು ದಯವಿಟ್ಟು ಅದನ್ನು ಬರೆದುಬಿಡಿ. ಅಕ್ಷರ ವಾಲಿದರೂ ಚಿಂತೆಯಿಲ್ಲ, ಓದಿಕೊಳ್ಳುತ್ತೇವೆ. ನೀಲಗಂಗವ್ವ ಕೋಲು ಹಿಡಿದು ಕಾಯುತ್ತಿದ್ದಾಳೆ.